ನೀರಗಳ್ಳಿಯ ಏಕಾದಶಿ

ಮೃದುಲಾ ಎಂದು ಹೆಸರಿಟ್ಟವರ ತಪ್ಪಿಲ್ಲ ಬಿಡಿ, ತೊಟ್ಟಿಲಲ್ಲಿದ್ದಾಗ ಎಲ್ಲರೂ ಮೃದುವೇ. ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಇಂದೂಬಾಯಿಯಂಥ ಅತ್ತೆಯ ಕೈಕೆಳಗೆ ಹದಿನಾಲ್ಕು ವರ್ಷ ಬಾಳಿದ ಮೇಲೂ ಒಬ್ಬಳು ಮೃದುವಾಗಿಯೇ ಉಳಿದಿದ್ದಾಳೆ ಎಂದರೆ ಅದು ಒಳ್ಳೆಯತನವಲ್ಲ, ಪೆದ್ದುತನ. ಮೃದುಲಾ ಪೆದ್ದಿಯಲ್ಲ. ಸೇಡಂ ರಸ್ತೆಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಇದಕ್ಕಿಂತ ದೊಡ್ಡ ಶಾಲೆಯವರು ಕರೆದಿದ್ದರು, ಹೋಗಲಿಲ್ಲ. ಇಲ್ಲಿ ಸ್ಟಾಫ್ ರೂಮಿಗೆ ಅಂಟಿಕೊಂಡೇ ಬಚ್ಚಲಿದೆ, ಅಲ್ಲಿ ಮೈದಾನ ದಾಟಿ ಹೋಗಬೇಕು. ಅವಳ ಬದುಕಿನ ದೊಡ್ಡ ತೀರ್ಮಾನಗಳೆಲ್ಲ ಆಗಿರುವುದು ಹೀಗೆಯೇ.

ಏಕೆಂದರೆ ಮೃದುಲಾಳಿಗೆ ನೀರು ಬೇಕು. ಒಂದು ಲೋಟ ಎರಡು ಲೋಟದ ಮಾತಲ್ಲ, ತಂಬಿಗೆಗಟ್ಟಲೆ. ಕುಡಿದ ನೀರು ಮೈಯಲ್ಲಿ ನಿಲ್ಲುವುದೂ ಇಲ್ಲ. ತಾಸಿಗೊಮ್ಮೆ ಒಂದಕ್ಕೆ ಏಳಬೇಕು. ಊರಿನ ಯಾವ ಸೀರೆ ಅಂಗಡಿಯ ಹಿಂದೆ ಬಚ್ಚಲಿದೆ, ಯಾವ ಕಲ್ಯಾಣ ಮಂಟಪದ ಬಾಗಿಲಿಗೆ ಚಿಲಕ ಬೀಳುವುದಿಲ್ಲ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಕಮಲಾಪುರದ ತವರಿಗೆ ಹೋಗುವ ಬಸ್ಸು ತಾಸು ತೆಗೆದುಕೊಳ್ಳುತ್ತದೆ. ಆ ಒಂದು ತಾಸು ಅವಳು ಹಲ್ಲು ಕಚ್ಚಿಕೊಂಡೇ ಕೂತಿರುತ್ತಾಳೆ.

ತವರಿನಲ್ಲಿ ಇದನ್ನು ಯಾರೂ ವಿಶೇಷವೆಂದು ತಿಳಿದವರಲ್ಲ. ತಂದೆ ವಾಸುದೇವರಾಯರು ಶಾಲಾ ಮಾಸ್ತರರಾಗಿದ್ದವರು. ಅವರ ಅಜ್ಜ, ಅಪ್ಪ, ಅವರು, ಎಲ್ಲರದೂ ಒಂದೇ ದಾಹ. ಮನೆಯಲ್ಲಿ ಪ್ರತಿಯೊಬ್ಬರ ಹಾಸಿಗೆಯ ತಲೆದೆಸೆಗೆ ಒಂದೊಂದು ತುಂಬಿದ ತಂಬಿಗೆ. "ನಮ್ಮದು ನೀರಿನ ವಂಶ" ಎಂದು ರಾಯರು ನಗುತ್ತಿದ್ದರು. ನಮ್ಮ ತೋಟದ ಕೆಂಪು ಬಾಳೆಗಿಂತ ಈ ಮನೆಯವರಿಗೇ ನೀರು ಜಾಸ್ತಿ ಎಂದು ಊರಿನವರು ತಮಾಷೆ ಮಾಡುತ್ತಿದ್ದರು. ಒಮ್ಮೆ ಡಾಕ್ಟರಿಗೂ ತೋರಿಸಿದ್ದಾಯಿತು. ನಮ್ಮ ಕಡೆ ದಾಹ ಎಂದರೆ ಶುಗರ್, ಶುಗರ್ ಇಲ್ಲವೆಂದರೆ ರೋಗವೇ ಇಲ್ಲ. ಶುಗರ್ ಇರಲಿಲ್ಲ. ಮನೆಯವರು ಪೇಡೆ ಹಂಚಿ ಸುಮ್ಮನಾದರು. ಇನ್ನು ಏಕಾದಶಿಯ ವಿಷಯದಲ್ಲಿ ರಾಯರದು ಒಂದೇ ಮಾತು: "ಅನ್ನ ಬಿಡ್ರಿ, ನೀರು ಬಿಡಬ್ಯಾಡ್ರಿ. ನೀರು ಬಿಡು ಅಂತ ದೇವರು ಹೇಳಿಲ್ಲ, ದೇವರ ಪರವಾಗಿ ಮಾತಾಡೋರು ಹೇಳ್ಯಾರ."

ದೇವರ ಪರವಾಗಿ ಮಾತಾಡುವವರ ಮನೆಗೇ ಮಗಳನ್ನು ಕೊಟ್ಟರು.

ಇಂದೂಬಾಯಿಯ ಮನೆಯಲ್ಲಿ ಉಳಿದ ಏಕಾದಶಿಗಳಿಗೆ ನೀರು, ಹಣ್ಣು ನಡೆಯುತ್ತಿತ್ತು. ಜ್ಯೇಷ್ಠ ಮಾಸದ ನಿರ್ಜಲ ಏಕಾದಶಿ ಮಾತ್ರ ಕಟ್ಟುನಿಟ್ಟು. ಹಿಂದಿನ ರಾತ್ರಿಯ ಊಟವಾದ ಮೇಲೆ ಇಂದೂಬಾಯಿ ಕುಡಿಯುವ ನೀರಿನ ತಾಮ್ರದ ಹಂಡೆಯ ಬಾಯಿಗೆ ಮಡಿಬಟ್ಟೆ ಹೊದಿಸಿ ಗಂಟು ಹಾಕುತ್ತಿದ್ದರು. ಸಾದಾ ಗಂಟಲ್ಲ. ಅವರ ಅತ್ತೆ ಕಲಿಸಿದ ಬೆಕ್ಕಿನ ಗಂಟು, ಮೂರು ಸುತ್ತು, ಒಳಮಡಿಕೆ. ಬಿಚ್ಚಿದವರು ಮತ್ತೆ ಹಾಗೆಯೇ ಕಟ್ಟಲಾರರು. ಅದು ಬಿಚ್ಚುವುದು ಮರುದಿನ ದ್ವಾದಶಿಯ ಪಾರಣೆಗೇ. ಆ ಗಂಟಿನ ಬಗ್ಗೆ ಮುದುಕಿಗೆ ಇದ್ದ ಹೆಮ್ಮೆ ಮಗನ ನೌಕರಿಯ ಬಗ್ಗೆಯೂ ಇರಲಿಲ್ಲ.

ಮದುವೆಯಾದ ಮೊದಲ ವರ್ಷ ಮೃದುಲಾ ಪ್ರಾಮಾಣಿಕವಾಗಿಯೇ ಉಪವಾಸ ಕೂತಳು. ಮಧ್ಯಾಹ್ನದ ತನಕ ಒಂದು ಹನಿ ಮುಟ್ಟಲಿಲ್ಲ. ಆದರೆ ಒಂದಕ್ಕೆ ಹೋಗುವುದು ನಿಲ್ಲಲಿಲ್ಲ. ಹೋಗಿ ಬಂದಾಗಲೆಲ್ಲ ಕಾಲು ತೊಳೆಯಬೇಕು, ಅದು ಆ ಮನೆಯ ರೀತಿ. ತೊಳೆದ ಕಾಲಿನ ಒದ್ದೆ ಹೆಜ್ಜೆ ಪಡಸಾಲೆಯ ಕಲ್ಲಿನ ಮೇಲೆ ಮೂಡುತ್ತದೆ. ಇಂದೂಬಾಯಿ ಜಪಮಾಲೆ ಹಿಡಿದು ಅಲ್ಲೇ ಕೂತಿದ್ದರು. ದೇವರ ಹೆಸರು ಎಷ್ಟಾಯಿತೋ ಗೊತ್ತಿಲ್ಲ, ಹೆಜ್ಜೆಗಳನ್ನು ಮಾತ್ರ ತಪ್ಪದೆ ನೋಡಿದರು.

"ಒಳಗ ನೀರು ಹೋಗಲಾರದೆ ಹೊರಗ ಎಲ್ಲಿಂದ ಬರ್ಲಿಕತ್ತದ?" ಎಂದರು. "ನಂದು ಬೆಳಿಗ್ಗೆ ಒಮ್ಮೆ ಆದದ್ದು, ಮತ್ತ ಇಲ್ಲ. ನಿಂದೇನು ಗಂಗೋತ್ರಿನಾ?"

"ಅತ್ಯಾ, ನಾ ಕುಡದಿಲ್ರಿ."

"ಹೌದವ್ವಾ, ನೀ ಕುಡದಿಲ್ಲ. ಬಚ್ಚಲಾಗಿನ ನಳ ಕುಡದದ."

ಮರುದಿನ ಪಾರಣೆಗೆ ಬಂದ ನೆಂಟರ ಎದುರಿಗೆ ಅನ್ನ ಬಡಿಸುತ್ತ ಬಡಿಸುತ್ತ ಇಂದೂಬಾಯಿ ಹೊಸ ಸೊಸೆಯ ಪರಿಚಯ ಮಾಡಿಸಿದರು: "ನಮ್ಮ ಸೊಸಿ. ನೀರಗಳ್ಳಿ." ಎಲ್ಲರೂ ನಕ್ಕರು. ಗಂಡ ಆನಂದತೀರ್ಥನೂ ನಕ್ಕ. ಮೃದುಲಾ ಕೈಯಲ್ಲಿದ್ದ ತುಪ್ಪದ ಗಿಂಡಿಯನ್ನು ಅವನ ತಲೆಗೆ ಎಸೆಯಲಿಲ್ಲ. ಆ ತಪ್ಪಿಗೆ ಇಂದಿಗೂ ತನ್ನನ್ನು ತಾನೇ ಬೈದುಕೊಳ್ಳುತ್ತಾಳೆ.

ಮುಂದಿನ ವರ್ಷದಿಂದ ಅವಳು ನಿಜವಾಗಿಯೂ ಕದ್ದು ಕುಡಿದಳು. ಹೆಸರು ಹೇಗೂ ಬಂದಿದೆ, ಕಳ್ಳತನ ಯಾಕೆ ಬಾಕಿ ಇರಬೇಕು? ಬಚ್ಚಲ ನಳಕ್ಕೆ ಬಾಯಿ ಹಚ್ಚಿ ಹೊಟ್ಟೆ ತುಂಬ ಕುಡಿದು, ಸೆರಗಿನಿಂದ ಗದ್ದ ಒರೆಸಿಕೊಂಡು, ಅತ್ತೆಯ ಮುಂದೆಯೇ ಒದ್ದೆ ಹೆಜ್ಜೆ ಒತ್ತಿ ಒತ್ತಿ ನಡೆದಳು. ಹೆಸರು ನೆಂಟರಿಂದ ಓಣಿಗೆ, ಓಣಿಯಿಂದ ಮಠದ ಭಜನಾ ಮಂಡಳಿಗೆ ಹಬ್ಬಿತು.

ತನ್ನ ಪಾಲಿಗೆ ಅವಳು ಅದನ್ನು ನುಂಗಿಕೊಂಡಿದ್ದಳು. ಆದರೆ ಮಗಳು ಅಂಜನಾ ಹನ್ನೆರಡು ತುಂಬಿದ ಹುಡುಗಿ, ಅವಳದೂ ನೀರಿನ ವಂಶವೇ. ಶಾಲೆಗೆ ಎರಡು ಬಾಟಲಿ ಒಯ್ಯುತ್ತಾಳೆ, ಪಾಠದ ನಡುವೆ ಎದ್ದು ಹೋಗಿ ಬೈಸಿಕೊಳ್ಳುತ್ತಾಳೆ. ಈ ವರ್ಷ ಜ್ಯೇಷ್ಠ ಬಂತು. ಇಂದೂಬಾಯಿ ತಾಂಬೂಲದ ತಟ್ಟೆ ಸರಿಸಿ ಹೇಳಿದರು, "ಅಂಜನಾ ದೊಡ್ಡಾಕಿ ಆದಳು. ಈ ಸಲ ನಿರ್ಜಲ ಆಕೀನೂ ಮಾಡ್ಲಿ."

"ಆಕಿ ಕೈಲೆ ಆಗೂದಿಲ್ರಿ ಅತ್ಯಾ."

"ಯಾಕ ಆದೀತು? ಕಳ್ಳಿ ಹೊಟ್ಟ್ಯಾಗ ಕಳ್ಳಿನೇ ಹುಟ್ಟ್ಯಾಳ."

ಅಂಜನಾ ಕೈಯಲ್ಲಿದ್ದ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟಳು. ಅಷ್ಟು ಸಾಕಾಯಿತು. ಮೃದುಲಾಳ ಮೈಯೆಲ್ಲ ಉರಿದುಹೋಯಿತು. ತನ್ನನ್ನು ಅಂದದ್ದು ಬೇರೆ. ಮಗಳು ನೀರಿನ ಲೋಟಕ್ಕೆ ಹೆದರಿ ಬದುಕುವುದನ್ನು ನೋಡುವುದು ಅವಳಿಂದ ಸಾಧ್ಯವಿರಲಿಲ್ಲ.

"ಆಕಿ ಅಲ್ಲ, ನಾ ಮಾಡ್ತೀನಿ," ಎಂದಳು. "ನಿಮ್ಮ ಕಣ್ಣ ಮುಂದ. ಬಚ್ಚಲ ನಳ ಬಂದ್ ಮಾಡಸ್ರಿ, ಬಕೀಟು ಡಬ್ಬ ಹಾಕ್ರಿ, ಬಾಗಲಾಗ ನೀವೇ ನಿಂದರ್ರಿ. ಒಂದು ಹನಿ ಕುಡದ್ರ ನನ್ನ ಹೆಸರು ಕಳ್ಳಿನೇ ಇರ್ಲಿ. ಕುಡೀಲಿಲ್ಲ ಅಂದ್ರ ಆ ಮಾತು ನೀವು ವಾಪಸ್ ತೊಗೋಬೇಕು, ಮಂದಿ ಎದುರಿಗೆ."

"ಕುಡೀಲಾರದೆ ಇದ್ದು ತೋರಸು, ಆಮ್ಯಾಲ ನೋಡೋಣ," ಎಂದರು ಇಂದೂಬಾಯಿ.

ಆನಂದತೀರ್ಥ ಇಬ್ಬರ ಮುಖವನ್ನೂ ನೋಡಿ, ತನಗೆ ಆಫೀಸಿನಲ್ಲಿ ಆಡಿಟ್ ಇದೆ ಎಂದ. ಅವನಿಗೆ ಬೇಕಾದಾಗಲೆಲ್ಲ ಆಡಿಟ್ ಇರುತ್ತದೆ.

ಕಲಬುರಗಿಯ ಬಿಸಿಲಿನ ಬಗ್ಗೆ ಹೇಳುವುದೇನಿದೆ, ಕಲ್ಲು ಬೆವರುವ ಊರು. ಏಕಾದಶಿಯ ಬೆಳಿಗ್ಗೆ ಹಂಡೆಗೆ ಬೆಕ್ಕಿನ ಗಂಟು ಬಿದ್ದಿತ್ತು. ಫಿಲ್ಟರಿನ ಸ್ವಿಚ್ಚು ತೆಗೆದಿತ್ತು. ಮೃದುಲಾ ಪಡಸಾಲೆಯ ಕಂಬಕ್ಕೆ ಒರಗಿ ಕೂತಳು, ಎದುರಿಗೆ ಇಂದೂಬಾಯಿ. ಮೃದುಲಾ ಬಚ್ಚಲಿಗೆ ಎದ್ದಾಗಲೆಲ್ಲ ಮುದುಕಿಯೂ ತಂಬಿಗೆ ಹಿಡಿದು ಹಿಂದೆಯೇ ಎದ್ದರು. ಹೊರಗೆ ಬಂದ ಸೊಸೆಯ ಕಾಲಿಗೆ ತಾವೇ ನೀರು ಹಾಕಿದರು. ಸೊಸೆಯ ಕಾಲಿಗೆ ಅತ್ತೆ ನೀರು ಹಾಕುವ ಭಾಗ್ಯ ಆ ಓಣಿಯಲ್ಲಿ ಇನ್ನಾರಿಗೂ ಬಂದಿರಲಿಲ್ಲ. ಇಬ್ಬರ ಮುಖದಲ್ಲೂ ವಿಷವಿತ್ತು.

ಹತ್ತು ಗಂಟೆಗೆ ನಾಲಿಗೆ ಅಂಗುಳಕ್ಕೆ ಅಂಟಿತು. ಆಮೇಲೆ ತಲೆ ಸಿಡಿಯತೊಡಗಿತು. ಒಂದಕ್ಕೆ ಹೋಗುವುದು ಮಾತ್ರ ಹಾಗೆಯೇ, ಬಣ್ಣವಿಲ್ಲ, ವಾಸನೆಯಿಲ್ಲ, ಬಾವಿಯಿಂದ ಈಗಷ್ಟೇ ಸೇದಿದಂತೆ. ಹೋದಳು, ಬಂದಳು, ಮತ್ತೆ ಹೋದಳು. ಇಂದೂಬಾಯಿ ಒಮ್ಮೆ ಎದ್ದು ಹೋಗಿ ಹಂಡೆಯ ಗಂಟನ್ನು ಬೆರಳಿನಿಂದ ತಡವಿ ನೋಡಿದರು. ಗಂಟು ಗಂಟಾಗಿಯೇ ಇತ್ತು. ಬಕೀಟು ನೋಡಿದರು, ನಳ ತಿರುವಿ ನೋಡಿದರು. ಎಲ್ಲ ಒಣಗಿತ್ತು. ಅವರ ಲೆಕ್ಕ ಎಲ್ಲಿಯೋ ತಪ್ಪುತ್ತಿತ್ತು, ಅದು ಅವರ ಮುಖದಲ್ಲಿ ಕಾಣುತ್ತಿತ್ತು. ಮೃದುಲಾಳಿಗೆ ಆ ಮುಖ ನೋಡಿ ಆದ ಸಂತೋಷ ಅಷ್ಟಿಷ್ಟಲ್ಲ. ಸತ್ತರೂ ಚಿಂತೆಯಿಲ್ಲ, ಈ ಮುದುಕಿ ಸೋಲುವುದನ್ನು ನೋಡಿ ಸಾಯುತ್ತೇನೆ ಅಂದುಕೊಂಡಳು.

ಮೂರು ಗಂಟೆಯ ಹೊತ್ತಿಗೆ ಅವಳು ಅತ್ತೆಯ ಕಡೆ ನೋಡಿ, ಕ್ಲಾಸಿನ ಹುಡುಗರಿಗೆ ಹೇಳುವಂತೆ "ಬೋರ್ಡ್ ಒರಸ್ರಿ, ಗಂಟಿ ಹೊಡೀತು" ಎಂದಳು. ಆಮೇಲೆ ಕಂಬದ ಬುಡಕ್ಕೆ ಜಾರಿದಳು.

ಅಂಜನಾ ಕಿರುಚಿದಳು. ತನ್ನನ್ನು ದಿನಾ ಶಾಲೆಗೆ ಬಿಡುವ ಮೋಮಿನಪುರದ ಆಟೋದವ ಶಹಬಾಜನಿಗೆ ಅವಳೇ ಫೋನು ಮಾಡಿದಳು, ಆಮೇಲೆ ಅಪ್ಪನಿಗೆ. ಆಟೋದಲ್ಲಿ ಮೃದುಲಾಳ ತಲೆ ಇಂದೂಬಾಯಿಯ ಭುಜಕ್ಕೆ ಬಡಿಯುತ್ತಿತ್ತು. ಶಹಬಾಜ್ ತನ್ನ ಬಾಟಲಿ ಹಿಂದಕ್ಕೆ ಚಾಚಿದ.

"ಪೈಲೆ ನೀರು ಕುಡಸ್ರಿ ಅಮ್ಮಾ."

"ಇವತ್ತು ಏಕಾದಶಿ," ಎಂದರು ಇಂದೂಬಾಯಿ, ಬಾಯಿಗೆ ಬಂದ ಅಭ್ಯಾಸದಂತೆ.

"ಏಕಾದಶಿ ನಿಮ್ಮ ಮನ್ಯಾಗ್ರಿ. ಆಟೋ ನಂದದ." ಅವನು ಗಾಡಿ ನಿಲ್ಲಿಸಿಯೇಬಿಟ್ಟ. ಅಂಜನಾ ಬಾಟಲಿ ಕಸಿದು ಅವ್ವನ ಬಾಯಿಗೆ ಹಿಡಿದಳು. ಎರಡು ಗುಟುಕು ಒಳಗೆ ಹೋಯಿತು, ಉಳಿದದ್ದು ಸೀರೆಗೆ.

ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಮೂತ್ರ ತೆಗೆದರು, ಕೈಗೆ ಸಲಾಯಿನ್ ಹಚ್ಚಿದರು. ಶುಗರ್ ನೋಡಿದರು, ಇಲ್ಲ. ಕಿಡ್ನಿ ಡಾಕ್ಟರು ಅಮರನಾಥ ಎರಡೂ ರಿಪೋರ್ಟುಗಳನ್ನು ಪಕ್ಕಪಕ್ಕ ಹಿಡಿದು ಹೊರಗೆ ಬಂದರು. "ರಕ್ತದಾಗ ಉಪ್ಪು ಭಾಳ ಏರ್ಯದ, ಮೈಯಾಗಿನ ನೀರು ಅಷ್ಟು ಖಾಲಿ ಆಗ್ಯದ. ಆದ್ರ ಮೂತ್ರ ನೋಡಿದ್ರ ಬರೇ ನೀರು. ಬೆಳಿಗ್ಗಿಂದ ಏನರ ಕುಡದಾರೇನ್ರಿ?"

ಅಷ್ಟರಲ್ಲಿ ಆಡಿಟ್ ಬಿಟ್ಟು ಓಡಿಬಂದಿದ್ದ ಆನಂದತೀರ್ಥ ಬಾಯಿ ಹಾಕಿದ. "ಡಾಕ್ಟ್ರೇ, ಆಕಿಗೆ ಮೊದಲಿಂದ ನೀರು ಕುಡಿಯೋ ಚಟ ಅದರಿ. ಹಟಕ್ಕ ಕೂತಿದ್ದಳು, ಕದ್ದು ಎಲ್ಲ್ಯೋ ಕುಡದಿರಬೇಕು."

ಒಳಗಿನ ಮಂಚದ ಮೇಲಿಂದ ಮೃದುಲಾ ಇದನ್ನು ಕೇಳಿಸಿಕೊಂಡಳು. ಎದ್ದು ಹೋಗಿ ಹೊಡೆಯುವ ಶಕ್ತಿ ಇರಲಿಲ್ಲ. ಬಾಯಿ ತೆರೆಯಲು ಹೋದಳು, ಅಷ್ಟರಲ್ಲಿ ಇನ್ನೊಂದು ದನಿ ಕಾರಿಡಾರು ನಡುಗುವ ಹಾಗೆ ಎದ್ದಿತು.

"ಏನಂದಿ?" ಇಂದೂಬಾಯಿ ಮಗನ ಕಡೆ ತಿರುಗಿದ್ದರು. "ಕದ್ದು ಕುಡದಾಳಾ? ನಾ ಬಾಗಲಾಗ ನಿಂತಾಗ? ನನ್ನ ಕಣ್ಣು ತಪ್ಪಿಸಿ ಕುಡಿಯೋ ಹೆಣ್ಣು ಇನ್ನೂ ಹುಟ್ಟಿಲ್ಲ. ಹಂಡೇದ ಗಂಟು ನಾ ಕಟ್ಟಿದ್ದು, ನನ್ನ ಗಂಟು ಬಿಚ್ಚೋ ಗಂಡಸೂ ಹುಟ್ಟಿಲ್ಲ. ಬರ್ಕೊಳ್ರಿ ಡಾಕ್ಟ್ರೇ. ರಾತ್ರಿ ಊಟ ಆದಮ್ಯಾಲ ಆಕಿ ಒಂದು ಹನಿ ಮುಟ್ಟಿಲ್ಲ. ಬಚ್ಚಲಕ್ಕ ಮಾತ್ರ ಹೋಗೇ ಹೋಗ್ಯಾಳ, ನಾನೇ ಕಾಲಿಗೆ ನೀರು ಹಾಕೀನಿ. ಆಟೋದಾಗ ಆ ಶಹಬಾಜನ ಬಾಟ್ಲಿಂದ ಎರಡು ಗುಟುಕು ಕುಡದಾಳ, ಅದನ್ನೂ ಬರ್ಕೊಳ್ರಿ."

ಸೊಸೆಯ ಮೇಲಿನ ಪ್ರೀತಿಯಿಂದ ಆಡಿದ ಮಾತು ಇದಾಗಿರಲಿಲ್ಲ. ತನ್ನ ಕಾವಲಿಗೆ ಕುಂದು ಬಂತಲ್ಲ ಎಂಬ ಸಿಟ್ಟು ಅಷ್ಟೇ. ಆದರೆ ಹದಿನಾಲ್ಕು ವರ್ಷದಲ್ಲಿ ಮೃದುಲಾಳ ಪರವಾಗಿ ಆ ಮನೆಯವರು ನುಡಿದ ಮೊದಲ ಸಾಕ್ಷಿ ಅದು, ಮತ್ತು ಅದು ಬಂದದ್ದು ಶತ್ರುವಿನ ಬಾಯಿಂದ. ಅವಳಿಗೆ ಅಳು ಬಂತು. ಮೈಯಲ್ಲಿ ನೀರಿಲ್ಲದ್ದಕ್ಕೆ ಕಣ್ಣೀರೂ ಸರಿಯಾಗಿ ಬರಲಿಲ್ಲ.

ಮರುದಿನ ಅಮರನಾಥ ಎಲ್ಲರನ್ನೂ ಕೂರಿಸಿಕೊಂಡರು. ಕಮಲಾಪುರದಿಂದ ವಾಸುದೇವರಾಯರೂ ಬಂದಿದ್ದರು, ಕಂಕುಳಲ್ಲಿ ದೊಡ್ಡ ನೀರಿನ ಬಾಟಲಿ.

"ದಸರಾಕ್ಕ ಮನಿ ಹೆಂಗ ಸ್ವಚ್ಛ ಮಾಡ್ತೀರಿ ಅಮ್ಮಾ?" ಡಾಕ್ಟರು ಇಂದೂಬಾಯಿಯನ್ನೇ ಕೇಳಿದರು. "ಹೊಲಸು ಅಷ್ಟೇ ಹುಡುಕಿ ಒಗೀತೀರೋ, ಎಲ್ಲಾ ಸಾಮಾನು ಅಂಗಳಕ್ಕ ಹಾಕ್ತೀರೋ?"

"ಎಲ್ಲಾ ಅಂಗಳಕ್ಕ. ಬೇಕಾದ್ದು ತೊಳದು ಒಳಗ ಒಯ್ತೀವಿ, ಬ್ಯಾಡಾದ್ದು ಅಲ್ಲೇ."

"ಕಿಡ್ನಿದೂ ಅದೇ ಪದ್ಧತಿ. ರಕ್ತದಾಗಿನ ನೀರು, ಉಪ್ಪು, ಸಕ್ಕರಿ, ಕಸ, ಎಲ್ಲಾ ಮೊದಲು ಸೋಸಿ ಹೊರಗ ಹಾಕ್ತದ. ದಿನಕ್ಕ ನೂರೆಂಬತ್ತು ಲೀಟರ್. ಅಷ್ಟೂ ಹೋದ್ರ ಮನಷ್ಯಾ ಉಳಿಯೂದಿಲ್ಲ. ಅದಕ್ಕ ಕೂದಲಕ್ಕಿಂತ ಸಣ್ಣ ನಳಿಗಿ ಇರ್ತಾವ, ಅವು ಬೇಕಾದ್ದು ವಾಪಸ್ ತೊಗೋತಾವ. ನಳಿಗೀದು ಮೊದಲನೇ ಭಾಗ ಸಕ್ಕರಿ ಪೂರಾ ತೊಗೋತದ, ಉಪ್ಪೂ ನೀರೂ ಮೂರರಾಗ ಎರಡು ಪಾಲು. ಮುಂದ ನಳಿಗಿ ಕೆಳಗಿಳದು ಮ್ಯಾಲೆ ಏರ್ತದ. ಇಳಿಯೋ ಕಡೆ ನೀರು ಅಷ್ಟೇ ಹೊರಬೀಳ್ತದ, ಏರೋ ಕಡೆ ಉಪ್ಪು ಅಷ್ಟೇ. ಹಂಗಾಗಿ ಸುತ್ತಲಿನ ಜಾಗ ಉಪ್ಪಿನಕಾಯಿ ಭರಣಿ ಆಗ್ತದ. ಕಡೀ ಭಾಗ ಆ ಭರಣಿ ನಡುವೇ ಹಾಯಬೇಕು. ಅಲ್ಲಿ ನೀರಿಗೆ ಬಾಗಲ ಅವ. ಬಾಗಲ ತೆರದ್ರ ಸುತ್ತಲಿನ ಉಪ್ಪೇ ನೀರನ್ನ ಎಳ್ಕೋತದ, ಮೂತ್ರ ಗಟ್ಟಿ ಆಗ್ತದ. ನೀವು ಉಪವಾಸ ಇದ್ದಾಗ ಮಿದುಳಿನಿಂದ ಹುಕುಂ ಬರ್ತದ, ಬಾಗಲ ತೆಗೀರಿ, ಹನಿನೂ ಬಿಡಬ್ಯಾಡ್ರಿ ಅಂತ. ಅದಕ್ಕ ನಿಮಗ ಬೆಳಿಗ್ಗೆ ಒಮ್ಮೆ ಆದ್ರ ನಿಂತುಬಿಡ್ತದ."

"ಆಕೀದು?"

"ಆಕೀಗೂ ಹುಕುಂ ಬರ್ತದ. ನಾವೂ ಅದೇ ಹುಕುಂ ಸೂಜಿಲೆ ಕೊಟ್ಟು ನೋಡಿದ್ವಿ. ಬಾಗಲಕ್ಕ ಕಿವಿ ಇಲ್ಲ. ಕುಡೀಲಿ ಬಿಡ್ಲಿ, ನೀರು ಹೋಗೇ ಹೋಗ್ತದ. ಚಟ ಅಲ್ಲ ಇದು, ಹುಟ್ಟಿನಿಂದ ಬಂದದ್ದು. ಇನ್ನೊಂದೆರಡು ತಾಸು ನೀವು ಕಾವಲು ಕಾದಿದ್ರ ಹೆಣ ಕಾಯಬೇಕಾಗ್ತಿತ್ತು." ಡಾಕ್ಟರಿಗೂ ಸಿಟ್ಟು ಬಂದಿತ್ತು. ಅಷ್ಟರಲ್ಲಿ ರಾಯರು ಬಾಟಲಿ ಎತ್ತಿ ಗಟಗಟ ಕುಡಿದರು. ಅಮರನಾಥ ಅವರನ್ನೇ ನೋಡಿ, "ರಾಯರೇ, ನಿಮ್ಮದೂ ಮೊಮ್ಮಗಳದೂ ಪರೀಕ್ಷಾ ಮಾಡ್ಬೇಕು" ಎಂದರು.

ಗುಳಿಗೆ ಬರೆದುಕೊಟ್ಟರು, ಊಟದಲ್ಲಿ ಉಪ್ಪು ಕಡಿಮೆ ಮಾಡಲು ಹೇಳಿದರು. ಅದು ಬೇರೆಯವರಿಗೆ ಮೂತ್ರ ಹೆಚ್ಚಿಸಲು ಕೊಡುವ ಗುಳಿಗೆಯಂತೆ. ಇಂಥವರಿಗೆ ಅದೇ ಉಲ್ಟಾ: ಮೈಯಲ್ಲಿ ಉಪ್ಪು ಕಡಿಮೆಯಾದರೆ ನಳಿಗೆಯ ಮೊದಲ ಭಾಗ ಗಾಬರಿಯಾಗಿ ಉಪ್ಪು ನೀರು ಎರಡನ್ನೂ ಹೆಚ್ಚು ಹೆಚ್ಚು ಎಳೆದುಕೊಳ್ಳುತ್ತದೆ, ಕಿವುಡು ಬಾಗಿಲಿನ ತನಕ ಬರುವ ನೀರೇ ಕಡಿಮೆಯಾಗುತ್ತದೆ. ಜೊತೆಗೆ ದಾಹವಾದಾಗ ದಾಹವಾದಷ್ಟು ನೀರು, ಯಾರ ಅಪ್ಪಣೆಯೂ ಬೇಡ.

ಹೊರಗೆ ಬಂದ ಕೂಡಲೇ ಇಂದೂಬಾಯಿ ಬೀಗರನ್ನು ಹಿಡಿದರು. "ರೋಗ ಮುಚ್ಚಿಟ್ಟು ಹೆಣ್ಣು ಕೊಟ್ರಿ ರಾಯರೇ. ನಮ್ಮ ವಂಶಕ್ಕೂ ಹಚ್ಚಿದ್ರಿ."

ಮೃದುಲಾ ನಕ್ಕಳು. ನಿನ್ನೆಯ ತನಕ ಕಳ್ಳಿ, ಇವತ್ತಿನಿಂದ ಮೋಸಗಾತಿ. ಅತ್ತೆಯ ಹತ್ತಿರ ಹೆಸರುಗಳಿಗೇನು ಬರವಿಲ್ಲ.

ಆಷಾಢದ ದ್ವಾದಶಿಗೆ ಮನೆ ತುಂಬ ನೆಂಟರು ಬಂದರು. ಮಡಿ ನೀರನ್ನು ಯಾರೂ ಮುಟ್ಟದಿರಲಿ ಎಂದು ಇಂದೂಬಾಯಿ ಅವತ್ತೂ ಹಂಡೆಗೆ ಬೆಕ್ಕಿನ ಗಂಟು ಹಾಕಿದ್ದರು. ಅಂಜನಾಳ ರಿಪೋರ್ಟು ಬಂದಿತ್ತು, ಅವಳದೂ ಅದೇ ಕಿವುಡು ಬಾಗಿಲು. ಎಲ್ಲರೂ ಎಲೆಯ ಮುಂದೆ ಕೂತಾಗ ಮೃದುಲಾ ಹುಳಿಯ ಪಾತ್ರೆ ಕೆಳಗಿಟ್ಟು ಅತ್ತೆಯ ಎದುರಿಗೆ ನಿಂತಳು.

"ಅತ್ಯಾ, ನಾ ಕುಡದಿಲ್ಲ ಅಂತ ನೀವೇ ಡಾಕ್ಟರ ಮುಂದ ಹೇಳೀರಿ. ಇವರ ಎದುರಿಗೆ ಆ ನೀರಗಳ್ಳಿ ಅನ್ನೋ ಮಾತು ವಾಪಸ್ ತೊಗೊಳ್ರಿ."

ಪಂಕ್ತಿಯಲ್ಲಿ ಕೈಗಳು ಎಲೆಯ ಮೇಲೆಯೇ ನಿಂತವು. ಇಂದೂಬಾಯಿ ಸೆರಗು ಸರಿಪಡಿಸಿಕೊಂಡರು. "ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಹದಿನಾಲ್ಕು ವರ್ಷದ ಹಿಂದಿನ ಮಾತು ಈಗ ಎಲ್ಲಿಂದ ವಾಪಸ್ ತರ್ಲಿ? ಬಡಸು, ಹುಳಿ ಆರ್ತದ."

ಆನಂದತೀರ್ಥ ಎಲೆಯ ಮೇಲಿನ ಅನ್ನ ಕಲಸತೊಡಗಿದ. ಇಷ್ಟು ವರ್ಷ ಬೇಕು ಬೇಕು ಎಂದು ಹಟ ಹಿಡಿದ ಆ ಒಂದು ಮಾತು ಬರುವುದಿಲ್ಲ ಎಂದು ಮೃದುಲಾಳಿಗೆ ಆಗ ಖಚಿತವಾಯಿತು, ಮತ್ತು ಅದು ತನಗೆ ಬೇಡವೆಂದೂ.

"ಇರ್ಲಿ ಬಿಡ್ರಿ," ಎಂದಳು. "ಹೋದದ್ದು ವಾಪಸ್ ತೊಗೊಳ್ಳಿಕ್ಕೆ ಬರಲಾರದ್ದು ಈ ಮನ್ಯಾಗ ನನ್ನ ಕಿಡ್ನಿ ಒಂದೇ ಅಲ್ಲ. ನನ್ನ ಕಿಡ್ನಿಗರೆ ಗುಳಿಗಿ ಅದ."

ಯಾರೋ ನಕ್ಕರು, ಈ ಸಲ ಮೃದುಲಾಳ ಮೇಲೆ ಅಲ್ಲ. ಅವಳು ಅಡುಗೆಮನೆಗೆ ನಡೆದಳು. ಗಂಟು ಬಿಚ್ಚುವ ಗೋಜಿಗೆ ಹೋಗಲಿಲ್ಲ. ಚಾಕುವಿನಿಂದ ಬಟ್ಟೆಯನ್ನು ಕತ್ತರಿಸಿ ತೆಗೆದಳು. ಹಂಡೆಯಲ್ಲಿ ತಂಬಿಗೆ ಮುಳುಗಿಸಿ ತುಂಬಿ ತಂದು ಅಂಜನಾಳ ಕೈಗೆ ಕೊಟ್ಟಳು. ಹುಡುಗಿ ಅಜ್ಜಿಯ ಕಡೆ ನೋಡಿದಳು.

"ಆ ಕಡೆ ಏನ್ ನೋಡ್ತಿ? ಕುಡಿ," ಎಂದಳು ಮೃದುಲಾ.

ಅಂಜನಾ ಎಲ್ಲರ ನಡುವೆ ನಿಂತು ತಂಬಿಗೆಯನ್ನು ಎತ್ತಿ ಹಿಡಿದು ಪೂರ್ತಿ ಕುಡಿದಳು. ಆಮೇಲೆ ಅವ್ವನಿಗೆ ಇನ್ನೊಂದು ತಂಬಿಗೆ ತುಂಬಿಕೊಂಡು ಬರಲು ತಾನೇ ಹೋದಳು.